ಕೊನೆಯ ಐದು ಸೆಕೆಂಡಿನ ಮಾತು

ಕ್ರಿಕೆಟ್ ಮ್ಯಾಚಿನಲ್ಲಿ ಒಂದು ಓವರ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಬರುತ್ತಿದ್ದ ಜಾಹೀರಾತುಗಳು ನಿಮಗೆಲ್ಲ ನೆನಪಿರಬಹುದು. ಹೆಸರಾಂತ ನಟನೋ ಆಟಗಾರನೋ ಬಂದು ಟೀಮ್ ಕಟ್ಟಿ, ರಮ್ಮಿ ಆಡಿ, ಲಕ್ಷ ಗೆಲ್ಲಿ ಎಂದು ಆರಾಮಾಗಿ ಹೇಳುತ್ತಿದ್ದರು. ಕೊನೆಯಲ್ಲಿ ಮಾತ್ರ ಯಾರೋ ಬಸ್ಸು ತಪ್ಪಿಹೋಗುತ್ತದೆ ಎನ್ನುವಂತೆ ಒಂದೇ ಉಸಿರಿಗೆ, ಇದರಲ್ಲಿ ಹಣದ ಅಪಾಯವಿದೆ, ಚಟವಾಗಬಹುದು, ಜವಾಬ್ದಾರಿಯಿಂದ ಆಡಿ ಎಂದು ಓದಿ ಮುಗಿಸುತ್ತಿದ್ದರು. ಆ ಸಾಲನ್ನು ಕಂಪನಿಗಳು ಪ್ರೀತಿಯಿಂದ ಹಾಕಿದ್ದಲ್ಲ. 2020ರ ಡಿಸೆಂಬರಿನಲ್ಲಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿ ನಿಯಮ ಮಾಡಿದ್ದರಿಂದ ಹಾಕಿದ್ದು. ಹದಿನೆಂಟು ವರ್ಷದೊಳಗಿನವರು ಆಡುವಂತೆ ತೋರಿಸಬಾರದು ಎಂದು ಅದರಲ್ಲಿತ್ತು. ಎಚ್ಚರಿಕೆಯ ಮಾತನ್ನು ಸಹಜ ವೇಗದಲ್ಲಿ ಓದಬೇಕು ಎಂದೂ ಇತ್ತು! ಎಷ್ಟು ಜನ ಪಾಲಿಸಿದರು ಎಂಬುದು ಕೇಳಿದವರಿಗೆ ಗೊತ್ತು.

ನನ್ನನ್ನು ಕಾಡುವುದು ಆ ಓದಿನ ವೇಗಕ್ಕಿಂತ 'ಜವಾಬ್ದಾರಿಯಿಂದ' ಎಂಬ ಪದ. ಯಾರ ಜವಾಬ್ದಾರಿ? ಆಟ ಮಾಡಿದವರದಲ್ಲ, ಜಾಹೀರಾತಿಗೆ ಬಂದವರದಲ್ಲ. ಕೊನೆಗೆ ಉಳಿಯುವವನು ಆಡುವವನೊಬ್ಬನೇ. ಸೋತರೆ ಅವನಿಗೆ ಜವಾಬ್ದಾರಿ ಇರಲಿಲ್ಲ ಎಂದು ಹೇಳಿ ಎಲ್ಲರೂ ಎದ್ದು ಹೋಗಬಹುದು. ಆದರೆ ಆಟದ ಲೆಕ್ಕ ಹೇಗಿದೆ ಎಂದು ಒಮ್ಮೆ ನೋಡಬೇಕು. ನಾವು ಕಾಮರ್ಸ್ ಓದುವವರು, ಲೆಕ್ಕ ನೋಡುವುದು ನಮ್ಮ ಕೆಲಸ.

ನಮ್ಮ ಭಾಗದ ಹಳೆಯ ಜೂಜು ಎಂದರೆ ಇಸ್ಪೀಟು ಮತ್ತು ಓಸಿ. ಇಸ್ಪೀಟಿನಲ್ಲಿ ಅಂದರ್ ಬಾಹರ್ ಎಂಬ ಆಟವಿದೆ. ಮನೆಯಲ್ಲಿ ಉರ್ದು ಮಾತಾಡುವ ನನಗೆ ಚಿಕ್ಕಂದಿನಲ್ಲಿ ಅದು 'ಒಳಗೆ ಹೊರಗೆ' ಅಷ್ಟೇ ಆಗಿತ್ತು. ಪತ್ರಿಕೆಯಲ್ಲಿ 'ಅಂದರ್ ಬಾಹರ್: ಎಂಟು ಮಂದಿ ಬಂಧನ' ಎಂದು ಓದಿದಾಗ, ಒಳಗೆ ಹೊರಗೆ ಓಡಾಡಿದ್ದಕ್ಕೆ ಯಾಕೆ ಹಿಡಿದರು ಎಂದು ಅಬ್ಬಾನನ್ನು ಕೇಳಿದ್ದೆ. ಓಸಿ ಎಂದರೆ ಓಪನ್ ಕ್ಲೋಸ್. ಚೀಟಿ ಬರೆಸುವ ಬಹಳ ಜನರಿಗೆ ಆ ಹೆಸರು ಎಲ್ಲಿಂದ ಬಂತು ಎಂಬುದೇ ಗೊತ್ತಿಲ್ಲ. ಮುಂಬೈಯಲ್ಲಿ ಮೊದಲು ಜನ ಪಣ ಕಟ್ಟುತ್ತಿದ್ದದ್ದು ಹತ್ತಿಯ ಮೇಲೆ. ನ್ಯೂಯಾರ್ಕಿನ ಹತ್ತಿ ಪೇಟೆಯ ದರ ಟೆಲಿಪ್ರಿಂಟರಿನಲ್ಲಿ ಬರುತ್ತಿತ್ತು. ಪೇಟೆ ತೆರೆದಾಗಿನ ದರ ಎಷ್ಟು, ಮುಚ್ಚಿದಾಗಿನ ದರ ಎಷ್ಟು ಎಂದು ಊಹಿಸುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಿತು. ಜೂಜು ಮಾತ್ರ ನಿಲ್ಲಲಿಲ್ಲ. ಮಡಕೆಯಲ್ಲಿ ಅಂಕಿಯ ಚೀಟಿ ಹಾಕಿ ಎತ್ತತೊಡಗಿದರು. ಮಡಕೆಯಿಂದ ಮಟ್ಕಾ ಎಂಬ ಹೆಸರು ಬಂತು. ಹತ್ತಿ ವ್ಯಾಪಾರಕ್ಕೆ ಹೆಸರಾದ ಗದಗಿನ ಸುತ್ತಮುತ್ತ ಇಂದು ಹತ್ತಿಯ ಸುಳಿವೇ ಇಲ್ಲದೆ ಓಪನ್ ಮತ್ತು ಕ್ಲೋಸ್ ಮಾತ್ರ ಉಳಿದುಕೊಂಡಿವೆ. ನಮಗಾದರೆ ಓಪನಿಂಗ್ ಸ್ಟಾಕ್, ಕ್ಲೋಸಿಂಗ್ ಸ್ಟಾಕ್ ಎಂದರೆ ನಡುವೆ ಸ್ವಲ್ಪವಾದರೂ ಸರಕು ಇರಬೇಕು.

ಪೊಲೀಸರು ಓಸಿ ಬರೆಯುವವರನ್ನು ಹಿಡಿದಾಗ ಪತ್ರಿಕೆಗಳಲ್ಲಿ ಬರುವ ಸುದ್ದಿಯಲ್ಲಿ 'ಒಂದು ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಹೇಳಿ' ಎಂಬ ಮಾತು ಇರುತ್ತದೆ. ಇಡೀ ಕಥೆ ಆ ಸಾಲಿನಲ್ಲೇ ಇದೆ. 00ಯಿಂದ 99ರವರೆಗೆ ಜೋಡಿ ಅಂಕಿಗಳು 100. ಒಬ್ಬ ಮನುಷ್ಯ ಎಲ್ಲ ನೂರು ಅಂಕಿಗೂ ಒಂದೊಂದು ರೂಪಾಯಿ ಹಚ್ಚಿದ ಎನ್ನಿ. ಅವನು ಗೆದ್ದೇ ಗೆಲ್ಲುತ್ತಾನೆ. ಗೆದ್ದು 80 ರೂಪಾಯಿ ಪಡೆಯುತ್ತಾನೆ, ಕೊಟ್ಟದ್ದು 100. ಖಂಡಿತ ಗೆಲ್ಲುವವನೇ 20 ರೂಪಾಯಿ ಕಳೆದುಕೊಳ್ಳುವ ವ್ಯಾಪಾರ ಇದು. ಅಂಕಿ ನ್ಯಾಯವಾಗಿ ಎತ್ತಿದರೆ ಈ ಲೆಕ್ಕ. ಯಾವ ಅಂಕಿಯ ಮೇಲೆ ಕಡಿಮೆ ದುಡ್ಡು ಬಿದ್ದಿದೆ ಎಂಬುದು ಅಂಕಿ ಎತ್ತುವವನಿಗೆ ಮೊದಲೇ ಗೊತ್ತಿದ್ದರೆ ಲೆಕ್ಕವೇ ಬೇಡ.

ಇನ್ನೊಂದು ನಂಬಿಕೆ, 'ನೂರರಲ್ಲಿ ಒಂದು ಅಂದ್ರ ನೂರು ದಿನ ಹಚ್ಚಿದ್ರ ಒಮ್ಮೆ ಹತ್ತಲೇಬೇಕು' ಎನ್ನುವುದು. ಹತ್ತಬೇಕಿಲ್ಲ. ಪ್ರತಿದಿನ ಹತ್ತದಿರುವ ಸಾಧ್ಯತೆ ನೂರಕ್ಕೆ 99. ಅದನ್ನು ನೂರು ಸಲ ಗುಣಿಸುತ್ತ ಹೋದರೆ, ನೂರು ದಿನ ಸತತ ಹಚ್ಚಿಯೂ ಒಮ್ಮೆಯೂ ಹತ್ತದಿರುವ ಸಾಧ್ಯತೆ ನೂರಕ್ಕೆ ಸುಮಾರು 37 ಉಳಿಯುತ್ತದೆ. ಕ್ಯಾಲ್ಕುಲೇಟರ್ ಇದ್ದವರು ಮಾಡಿ ನೋಡಿ. ಇಷ್ಟು ದಿನ ಬಂದಿಲ್ಲ, ಇನ್ನು ಬರಲೇಬೇಕು ಎಂಬ ನಂಬಿಕೆ ನಮ್ಮೂರಿನದು ಮಾತ್ರವಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಕ್ಯಾಸಿನೊದಲ್ಲಿ ರೂಲೆಟ್ ಚಕ್ರದ ಗುಂಡು ಕಪ್ಪು ಮನೆಗೇ ಬೀಳುತ್ತ ಹೋಯಿತು. ಇನ್ನು ಕೆಂಪೇ ಬರಬೇಕು ಎಂದು ಜನ ಕೆಂಪಿನ ಮೇಲೆ ಹೆಚ್ಚು ಹೆಚ್ಚು ಸುರಿದರು. ಸತತ 26 ಸಲ ಕಪ್ಪೇ ಬಂತು. ಹಿಂದಿನ ಸಲ ಏನು ಬಂತು ಎಂದು ಗುಂಡಿಗೆ ನೆನಪಿರುವುದಿಲ್ಲ. ನೆನಪು ಇರುವುದು ಸೋತವನಿಗೆ.

ಈ ಮಾತು ತೆಗೆದಾಗಲೆಲ್ಲ ಯಾರಾದರೂ ಒಬ್ಬರು, 'ಹಂಗಂದ್ರ ಒಕ್ಕಲುತನಾನೂ ಜೂಜೇ ಅಲ್ಲೇನ್ರಿ' ಎನ್ನುತ್ತಾರೆ. ಉಳ್ಳಾಗಡ್ಡಿ ಬೆಳೆಯುವ ಊರಿನಲ್ಲಿ ಇದು ಸುಳ್ಳೆಂದು ತೋರುವುದಿಲ್ಲ. ಮಳೆ ನಂಬಬೇಕು, ಆಮೇಲೆ ರೇಟು ನಂಬಬೇಕು. ಚೀಲ ಹೊತ್ತು ತಂದ ಬಾಡಿಗೆಯೂ ಹುಟ್ಟದ ವರ್ಷಗಳಿವೆ. ಆದರೆ ಉಳ್ಳಾಗಡ್ಡಿ ಎಷ್ಟು ಅಗ್ಗವಾದರೂ ಯಾರದೋ ಮನೆಯಲ್ಲಿ ಅಡುಗೆಯಾಗುತ್ತದೆ. ಜೂಜಿನಲ್ಲಿ ಏನೂ ಬೆಳೆಯುವುದಿಲ್ಲ. ಒಬ್ಬನ ಜೇಬಿನದು ಇನ್ನೊಬ್ಬನ ಜೇಬಿಗೆ ಹೋಗುತ್ತದೆ, ನಡುವಿನವನು ತನ್ನ ಪಾಲು ಮುರಿದುಕೊಳ್ಳುತ್ತಾನೆ. ನಮ್ಮ ಪಾಠದಲ್ಲಿ ಬರುವ ವಿಮೆಯ ನಿಯಮವೂ ಇದನ್ನೇ ಹೇಳುತ್ತದೆ. ನಿನ್ನ ಅಂಗಡಿಗೆ ನೀನು ವಿಮೆ ಮಾಡಿಸಬಹುದು, ಪಕ್ಕದವನ ಅಂಗಡಿ ಸುಡಲಿ ಎಂದು ಮಾಡಿಸುವಂತಿಲ್ಲ, ಅದರಲ್ಲಿ ನಿನಗೆ ಹಿತಾಸಕ್ತಿ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಕರಾರು ಶೂನ್ಯ. ಗೆದ್ದವನು ಕೋರ್ಟಿಗೆ ಹೋಗಿ ನನ್ನ ದುಡ್ಡು ಕೊಡಿಸಿ ಎನ್ನುವಂತಿಲ್ಲ.

ಇಷ್ಟೆಲ್ಲ ಲೆಕ್ಕ ಗೊತ್ತಿದ್ದವರು ಆಡುವುದಿಲ್ಲ ಎಂದುಕೊಳ್ಳಬೇಡಿ. ನನ್ನ ಖಾಲಾನ ಮಗ, ನಾನು ಭಾಯಿ ಎಂದು ಕರೆಯುವವನು, ಬಿ.ಕಾಂ. ಪಾಸಾದವನು. ಒಂದು ಅಂಗಡಿಯ ಲೆಕ್ಕ ಬರೆಯುತ್ತಾನೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಹಾಕಬೇಡ ಎಂದ, ಹಾಕಿಲ್ಲ.

ಅವನ ಮೊಬೈಲಿನಲ್ಲಿ ಒಂದು ರಮ್ಮಿ ಆಟ ಇತ್ತು. ಶುರುವಿನಲ್ಲಿ 50 ರೂಪಾಯಿ ಹಾಕಿ 400 ಗೆದ್ದಿದ್ದನಂತೆ. ಆ ದಿನ ಎಲ್ಲರಿಗೂ ಬಿರಿಯಾನಿ ತಂದಿದ್ದ, ನಾನೂ ತಿಂದಿದ್ದೇನೆ. ಮುಂದೆ ಮನೆಯವರು ಕಂಡದ್ದನ್ನು ಒಂದೊಂದಾಗಿ ಹೇಳಿದರೆ ಯಾವುದೂ ದೊಡ್ಡದಲ್ಲ. ಮೊಬೈಲನ್ನು ಯಾವಾಗಲೂ ಕವಿಚಿ ಇಡುತ್ತಿದ್ದ. ಇಶಾ ನಮಾಜ್ ಆದ ಮೇಲೆ ಮನೆಗೆ ಬರದೆ ಮಾಳಿಗೆ ಹತ್ತುತ್ತಿದ್ದ, ನೆಟ್‌ವರ್ಕ್ ಸಿಗುವುದಿಲ್ಲ ಎನ್ನುತ್ತಿದ್ದ. ಒಂದು ದಿನ ಮಕ್ಕಳಿಗೆಲ್ಲ ಚಪ್ಪಲಿ ತರುತ್ತಿದ್ದ, ಮುಂದಿನ ನಾಲ್ಕು ದಿನ ಯಾರು ಮಾತಾಡಿಸಿದರೂ ಸಿಡುಕುತ್ತಿದ್ದ. ಒಂದನೇ ತಾರೀಕಿಗೆ ಬಂದ ಪಗಾರ ಹತ್ತನೇ ತಾರೀಕಿಗೆ ಇರುತ್ತಿರಲಿಲ್ಲ. ಗಾಡಿ ರಿಪೇರಿ ಎಂದು ಅಬ್ಬಾನಿಂದ 2,000 ಒಯ್ದಿದ್ದ. ಅದೇ ವಾರ ಅದೇ ಗಾಡಿಯ ರಿಪೇರಿಗೆ ಮಾಮುನಿಂದ 3,000, ಅಂಗಡಿಯ ಮಾಲೀಕರಿಂದ 5,000 ಒಯ್ದಿದ್ದ. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಈ ಮೂವರು ಒಂದು ಮದುವೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತಾಗ ವಿಷಯ ಹೊರಬಿತ್ತು.

ಎಷ್ಟು ಸೋತ ಎಂಬುದಕ್ಕಿಂತ ಹೇಗೆ ಸೋತ ಎಂದು ಅವನು ಹೇಳಿದ್ದು ನನಗೆ ಮುಖ್ಯ ಎನಿಸಿತು. ಗೆಲ್ಲಬೇಕೆಂದು ಆಡಿದ್ದು ಮೊದಲ ಎರಡು ತಿಂಗಳು ಮಾತ್ರ. ಆಮೇಲೆ ಆಡಿದ್ದೆಲ್ಲ ಕಳೆದದ್ದನ್ನು ತೆಗೆಯುವುದಕ್ಕೆ. 100 ಹೋದರೆ 200 ಹಚ್ಚು, ಅದೂ ಹೋದರೆ 400 ಹಚ್ಚು, ಒಮ್ಮೆ ಗೆದ್ದರೆ ಎಲ್ಲ ವಾಪಸ್ ಎಂದು ಲೆಕ್ಕ ಹಾಕುತ್ತಿದ್ದ. ಏಳು ಸಲ ಸತತ ಸೋತರೆ ಕಳೆದದ್ದು 12,700 ಆಗುತ್ತದೆ. ಎಂಟನೇ ಸಲ 12,800 ಹಚ್ಚಬೇಕು. ಗೆದ್ದರೆ ಲಾಭ ಎಷ್ಟು? 100 ರೂಪಾಯಿ. ಈ ಲೆಕ್ಕ ಅವನಿಗೂ ಬರುತ್ತಿತ್ತು. ಆ ಹೊತ್ತಿನಲ್ಲಿ ಲೆಕ್ಕ ತಲೆಯಲ್ಲಿ ಇರುವುದಿಲ್ಲ, ಕೈ ತಾನೇ ಹೋಗುತ್ತದೆ ಎಂದ. ಆಡದ ದಿನ ಕೈಕಾಲು ನಿಲ್ಲುತ್ತಿರಲಿಲ್ಲವಂತೆ.

ಸಾಲ ಒಟ್ಟು ಒಂದೂವರೆ ಲಕ್ಷ ದಾಟಿತ್ತು, ಅದರಲ್ಲಿ ಮೊಬೈಲಿನಲ್ಲೇ ಸಿಗುವ ಸಾಲವೂ ಇತ್ತು. ಖಾಲಾ ಎರಡು ಬಳೆ ಮಾರಿದರು. ಭಿಶಿಯಲ್ಲಿ ತಮ್ಮ ಪಾಳಿ ಮೊದಲೇ ಎತ್ತಿಕೊಂಡರು. ಎಲ್ಲ ತೀರಿಸಿ, ಅವನಿಂದ ಆಣೆ ಮಾಡಿಸಿ, ಇನ್ನು ಈ ಮಾತು ಮನೆಯಲ್ಲಿ ಯಾರೂ ಎತ್ತಕೂಡದು ಎಂದರು. ಮೂರನೇ ತಿಂಗಳಿಗೆ ಅವನು ಮತ್ತೆ ಆಡುತ್ತಿದ್ದ.

ಇದನ್ನು ಕೇಳಿದಾಗ ನನಗೆ ಮಹಾಭಾರತ ನೆನಪಾಯಿತು. ಕುಮಾರವ್ಯಾಸ ನಮ್ಮ ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಧರ್ಮರಾಯ ಜೂಜಿನಲ್ಲಿ ಸಂಪತ್ತು, ರಾಜ್ಯ, ತಮ್ಮಂದಿರು, ತನ್ನನ್ನು, ಕೊನೆಗೆ ದ್ರೌಪದಿಯನ್ನು ಸೋತದ್ದು ಎಲ್ಲರಿಗೂ ಗೊತ್ತು. ಆದರೆ ಆಮೇಲೆ ಧೃತರಾಷ್ಟ್ರ ಎಲ್ಲವನ್ನೂ ವಾಪಸ್ ಕೊಟ್ಟುಬಿಡುತ್ತಾನೆ. ಸಾಲ ತೀರಿತು ಎನ್ನಿ. ಪಾಂಡವರು ಹೊರಟಾಗ ಮತ್ತೊಂದು ಆಟಕ್ಕೆ ಕರೆ ಬರುತ್ತದೆ, ಧರ್ಮರಾಯ ತಿರುಗಿ ಬಂದು ಮತ್ತೆ ಆಡುತ್ತಾನೆ. ಅದಕ್ಕೆ ಅನುದ್ಯೂತ ಎನ್ನುತ್ತಾರೆ, ವನವಾಸ ಬಂದದ್ದು ಆ ಎರಡನೇ ಆಟದಿಂದ. ಕ್ಷತ್ರಿಯ ಧರ್ಮ, ಹಿರಿಯರ ಆಜ್ಞೆ ಎಂದು ವಿದ್ವಾಂಸರು ಕಾರಣ ಹೇಳುತ್ತಾರೆ. ನನಗಂತೂ ಮೊದಲ ಆಟಕ್ಕಿಂತ ಎರಡನೆಯದೇ ಹೆಚ್ಚು ಭಯ ಹುಟ್ಟಿಸುತ್ತದೆ. ಒಮ್ಮೆ ಸೋತವರು ಊರ ತುಂಬ ಇದ್ದಾರೆ. ಎಲ್ಲ ವಾಪಸ್ ಸಿಕ್ಕ ಮೇಲೂ ತಿರುಗಿ ಹೋಗಿ ಕೂರುವವನಿಗೆ ದುಡ್ಡು ಕೊಟ್ಟರೆ ವಾಸಿಯಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಜೂಜು ನಮಗೆ ಹರಾಮ್. ಸೂರಾ ಅಲ್ ಮಾಯಿದಾದ 90ನೇ ಆಯತ್ ಅದನ್ನು ಮದ್ಯದ ಜೊತೆಯಲ್ಲೇ ಇಟ್ಟು ನಿಷೇಧಿಸುತ್ತದೆ, ಮುಂದಿನ ಆಯತ್ ಅದರಿಂದ ಮನುಷ್ಯರ ನಡುವೆ ಹುಟ್ಟುವ ವೈರವನ್ನು ಹೇಳುತ್ತದೆ. ಕುರ್‌ಆನ್ ಜೂಜಿಗೆ ಬಳಸುವ ಮೈಸಿರ್ ಎಂಬ ಪದದ ಮೂಲದಲ್ಲಿ 'ಸುಲಭ' ಎಂಬ ಅರ್ಥವಿದೆ ಎಂದು ಮದರಸಾದಲ್ಲಿ ಉಸ್ತಾದರು ಹೇಳಿದ್ದರು: ಬೆವರಿಲ್ಲದೆ ಸುಲಭವಾಗಿ ಬರುವ ದುಡ್ಡು. ಇದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ನಾವು ಆ ಪದವನ್ನು ಬಳಸುವ ರೀತಿಯ ಬಗ್ಗೆ. 'ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ' ಎಂದು ನಂಬಿರುವುದರಿಂದ ಮನೆಯಲ್ಲಿ ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಸಿಕ್ಕಿಬಿದ್ದವನಿಗೆ ಸಾಲದ ಗುಟ್ಟಿನ ಜೊತೆಗೆ ಗುನಾಹ್‌ನ ಗುಟ್ಟನ್ನೂ ಮುಚ್ಚಿಡಬೇಕಾಗುತ್ತದೆ. ಸಾಲವನ್ನು ಅಬ್ಬಾನ ಮುಂದೆ ಹೇಗೋ ಹೇಳಬಹುದು, ಇದನ್ನು ಹೇಳಲು ಬಾಯಿ ಬರುವುದಿಲ್ಲ. ಭಾಯಿ ಒಂದು ವರ್ಷ ಬಾಯಿ ಬಿಡದಿದ್ದದ್ದು ಈ ನಾಚಿಕೆಗೇ. ತೌಬಾ ಮಾಡು ಎಂದು ಖಾಲಾ ಹೇಳಿದ್ದು ಸರಿ. ಆದರೆ ಕಾಲು ಮುರಿದವನಿಗೆ ದುವಾ ಮಾಡಿ, ಪಟ್ಟಿಯನ್ನೂ ಕಟ್ಟಿಸುತ್ತೇವಲ್ಲ.

ಇದು ಕಾಯಿಲೆಯೇ ಎಂದು ಕೇಳುವವರಿಗೆ: 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಹೊಸ ಆವೃತ್ತಿಯಲ್ಲಿ ಜೂಜಿನ ಚಟವನ್ನು ಮದ್ಯ, ಮಾದಕ ವಸ್ತುಗಳ ಅಧ್ಯಾಯಕ್ಕೇ ಸೇರಿಸಿತು. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಅದು ಇದೆ. ಪತ್ತೆ ಹಚ್ಚಲು ದೊಡ್ಡ ದೊಡ್ಡ ಪ್ರಶ್ನಾವಳಿಗಳಿವೆ, ಆದರೆ 1990ರ ದಶಕದಲ್ಲಿ ರೂಪಿಸಿದ ಒಂದರಲ್ಲಿ ಇರುವುದು ಎರಡೇ ಪ್ರಶ್ನೆ. ಹಚ್ಚುವ ಹಣವನ್ನು ಹೆಚ್ಚಿಸುತ್ತಲೇ ಹೋಗಬೇಕು ಅನ್ನಿಸಿದೆಯೇ? ಎಷ್ಟು ಆಡಿದೆ ಎಂಬುದರ ಬಗ್ಗೆ ನಿನಗೆ ಮುಖ್ಯರಾದವರ ಮುಂದೆ ಸುಳ್ಳು ಹೇಳಬೇಕಾಗಿ ಬಂದಿದೆಯೇ? ಒಂದಕ್ಕೆ ಹೌದು ಎಂದರೂ ಸರಿಯಾಗಿ ತೋರಿಸಿಕೊಳ್ಳಬೇಕು. ಗಮನಿಸಿ, ಎಷ್ಟು ರೂಪಾಯಿ ಎಂದು ಅಲ್ಲಿ ಕೇಳುವುದೇ ಇಲ್ಲ. ಹತ್ತು ರೂಪಾಯಿಗೆ ಸುಳ್ಳು ಹೇಳುವವನೂ ಅಲ್ಲಿ ಬರುತ್ತಾನೆ.

ಕಾನೂನಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ವಾದ ಮುಂದುವರಿದೇ ಇತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿ, ಕೌಶಲವಿರಲಿ ಅದೃಷ್ಟವಿರಲಿ, ಹಣ ಹಚ್ಚುವ ಆನ್‌ಲೈನ್ ಆಟವೇ ಬೇಡ ಎಂದಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಲ್ಲ, ಅವನನ್ನು ಪೆಟ್ಟು ತಿಂದವನೆಂದು ಕಂಡಿದ್ದಾರೆ. ಆಗ ಕೇಂದ್ರ ಸರ್ಕಾರ ಕೊಟ್ಟ ಅಂದಾಜಿನಲ್ಲಿ 45 ಕೋಟಿ ಜನ, 20,000 ಕೋಟಿ ರೂಪಾಯಿ ನಷ್ಟ ಎಂದಿತ್ತು. ನಾನು ಭಾಗಿಸಿ ನೋಡಿದೆ. ತಲೆಗೆ 444 ರೂಪಾಯಿ. ಇಷ್ಟೇನಾ ಎನ್ನಿಸುತ್ತದೆ. ಸರಾಸರಿಯ ಮೋಸ ಇಲ್ಲೇ ಇದೆ. ಹೆಚ್ಚಿನವರು ನೂರಿನ್ನೂರು ಕಳೆದುಕೊಂಡು ಸುಮ್ಮನಾಗಿರಬಹುದು. ಉಳಿದ ಭಾರ ಭಾಯಿಯಂಥವರ ತಲೆಯ ಮೇಲೆ. ಜವಾಬ್ದಾರಿಯಿಂದ ಆಡುವವರಿಂದ ಈ ವ್ಯಾಪಾರ ನಡೆಯುತ್ತಿರಲಿಲ್ಲ ಎಂದು ನನಗೆ ಅನುಮಾನ. ಆ್ಯಪ್ ಮುಚ್ಚಿದ ಮೇಲೂ ಭಾಯಿಯ ಮೊಬೈಲಿಗೆ ಯಾವುದೋ ನಂಬರಿನಿಂದ ಹೊಸ ಲಿಂಕ್ ಬಂದಿತ್ತು. ಎರಡನೇ ಆಟಕ್ಕೆ ಕರೆಯುವವರಿಗೆ ಕೊರತೆಯಿಲ್ಲ.

ಎರಡನೇ ಸಲ ಸಿಕ್ಕಿಬಿದ್ದಾಗ ಭಾಭಿ ಗಟ್ಟಿಯಾಗಿ ನಿಂತು ಧಾರವಾಡಕ್ಕೆ ಕರೆದುಕೊಂಡು ಹೋದರು. ನಮ್ಮ ಕಡೆ ಧಾರವಾಡಕ್ಕೆ ಹೋದರು ಎಂದರೆ ಜನ ಅರ್ಥ ಮಾಡಿಕೊಳ್ಳುವುದೇ ಬೇರೆ, ಅದಕ್ಕೆ ಪಕ್ಕದ ಮನೆಗೆ ಹುಬ್ಬಳ್ಳಿಯಲ್ಲಿ ಬಟ್ಟೆ ತರಲು ಹೋಗಿದ್ದೇವೆ ಎಂದು ಹೇಳಿದ್ದರು. ಡಿಮ್ಹಾನ್ಸ್‌ನಲ್ಲಿ ವೈದ್ಯರು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಯಾವ ಹೊತ್ತಿಗೆ ಆಡಬೇಕೆನಿಸುತ್ತದೆ, ಆಗ ಎಲ್ಲಿರುತ್ತೀಯ, ಕೈಯಲ್ಲಿ ಎಷ್ಟು ದುಡ್ಡು ಇರುತ್ತದೆ ಎಂದು ಕೇಳಿದರಂತೆ. ಈಗ ಪಗಾರ ಭಾಭಿಯ ಖಾತೆಗೆ ಬರುತ್ತದೆ. ಅವನ ಹತ್ತಿರ ಇರುವುದು ಬಟನ್ ಫೋನು. ಸಾಲಗಾರರಿಗೆ ಮನೆಯವರೇ ನೇರ ಕೊಡುತ್ತಾರೆ, ಅವನ ಕೈಗೆ ಕೊಡುವುದಿಲ್ಲ. ಇಶಾ ಆದ ಮೇಲೆ ಮಾಮು ಅವನ ಜೊತೆ ನಡೆದು ಮನೆಗೆ ಬರುತ್ತಾರೆ, ಜೂಜಿನ ಮಾತು ಬಿಟ್ಟು ಬೇರೆ ಮಾತಾಡುತ್ತ.

ಅಷ್ಟು ದೂರ ಹೋಗಲಾಗದವರು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಆಡುವವನೇ ಮಾಡಬೇಕೆಂದಿಲ್ಲ, ಅವನ ತಂಗಿಯೋ ಗೆಳೆಯನೋ ಮಾಡಿದರೂ ಆಗುತ್ತದೆ. ಕ್ಲಾಸಿನಲ್ಲಿ ನಿಮ್ಮ ಪಕ್ಕ ಕೂರುವವನು ಐದು ಜನರಿಂದ ಒಂದೇ ಕಾರಣಕ್ಕೆ ಕೈಗಡ ಕೇಳುತ್ತಿದ್ದರೆ, ದುಡ್ಡು ಕೊಡುವ ಮೊದಲು ಆ ಎರಡು ಪ್ರಶ್ನೆ ಕೇಳಿ. ನಾಲ್ಕು ಜನರ ಮುಂದೆ ಬೇಡ.

ಈ ಲೇಖನದ ಕರಡನ್ನು ಹೋದ ವಾರ ಭಾಯಿಗೆ ಓದಿ ತೋರಿಸಿದೆ. ಕನ್ನಡ ಓದಲು ಅವನಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಆದರೂ ನೀನೇ ಓದು ಎಂದ. ನೂರು ದಿನದ ಲೆಕ್ಕ ಬಂದಾಗ ನಿಲ್ಲಿಸಿದ. ನೂರಕ್ಕೆ 37 ಹತ್ತುವುದಿಲ್ಲ ಎಂದಲ್ಲವೇ ಎಂದು ಕೇಳಿದ. ಹೌದು ಎಂದೆ.

'ತೋ ತಿರ್‌ಸಠ್ ಲಗ್ತಾ ನಾ?' ಎಂದ. ಹಾಗಾದರೆ 63 ಹತ್ತುತ್ತದಲ್ಲ, ಎಂದು.

ಹತ್ತಿದರೂ ಬರುವುದು 80, ಅಷ್ಟರಲ್ಲಿ ಹೋಗಿರುವುದು ಎಷ್ಟು ಎಂದು ನಾನು ಪೆನ್ನು ತೆಗೆದೆ. ಅಷ್ಟರಲ್ಲಿ ಅವನಿಗೇ ಹೊಳೆಯಿತು. ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡು ನಕ್ಕ. ಒಳಗೆ ಖಾಲಾ ಪಾತ್ರೆ ತೊಳೆಯುತ್ತಿದ್ದರು, ಅವರಿಗೆ ಕೇಳಿಸದಂತೆ ಮೆಲ್ಲಗೆ, 'ಯೇ ಭೀ ಲಿಖ್' ಎಂದ. ಇದನ್ನೂ ಬರಿ.